ಭೂಗರ್ಭದ ಸಾಕ್ಷಿ

ಕಲಬುರಗಿ ಜಿಲ್ಲೆಯ ಶಹಾಬಾದ್ ಊರನ್ನು ಕಾಣದವರೂ ಆ ಹೆಸರನ್ನು ಬಲ್ಲರು. ಕರ್ನಾಟಕದ ಅಸಂಖ್ಯ ಮನೆಗಳಲ್ಲಿ ಹಾಸಿರುವ ನುಣುಪಾದ ಕಲ್ಲಿನ ಚಪ್ಪಡಿಗಳು ಆ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ಅದೇ ಸುಣ್ಣಕಲ್ಲು ವಾಡಿ, ಚಿತ್ತಾಪುರ, ಸೇಡಂಗಳ ನೆಲದಡಿಯಲ್ಲಿ ಹಬ್ಬಿ ಚಿಂಚೋಳಿಯ ಕಡೆಗೂ ಚಾಚಿದೆ. 1968ರಲ್ಲಿ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಆರಂಭವಾಯಿತು. ಮುಂದೆ ಸೇಡಂ, ಮಳಖೇಡಗಳಲ್ಲಿಯೂ ಕಾರ್ಖಾನೆಗಳು ತಲೆಯೆತ್ತಿದವು. ಆದರೆ ಈ ಕಲ್ಲಿನ ಮೇಲೆ ತೊಗರಿ ಬೆಳೆಯುವ ಎರೆಮಣ್ಣಿನ ಹೊಲಗಳಿವೆ. ಒಮ್ಮೆ ಗಣಿಯಾಗಿ ಅಗೆದ ಹೊಲವು ಮರಳಿ ಹೊಲವಾಗುವುದು ಸುಲಭವಲ್ಲ. ಆದುದರಿಂದ ಅಗೆಯುವುದಕ್ಕೆ ಮೊದಲೇ ನೆಲದಡಿ ಏನಿದೆ, ಎಷ್ಟಿದೆ, ಎಂತಹುದಿದೆ ಎಂಬುದನ್ನು ಅರಿಯಬೇಕು. ಈ ಅರಿವನ್ನು ದೊರಕಿಸಿಕೊಡುವ ಕಾರ್ಯವೇ ಭೂವೈಜ್ಞಾನಿಕ ಅನ್ವೇಷಣೆಯ ಕೊರೆತ.

ಈ ಪ್ರದೇಶದ ನೆಲವು ಹಲವು ಪುಟಗಳ ಹಳೆಯ ಹೊತ್ತಗೆಯಂತಿದೆ. ಎಲ್ಲಕ್ಕಿಂತ ಕೆಳಗೆ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಶಿಲೆಯಿದೆ. ಅದರ ಮೇಲೆ ಮರಳುಗಲ್ಲು ಮತ್ತು ಜೇಡಿಗಲ್ಲುಗಳೂ, ಅವುಗಳ ಮೇಲೆ ಪ್ರಾಚೀನ ಸಮುದ್ರದಲ್ಲಿ ಸಂಚಯಗೊಂಡ ಸುಣ್ಣಕಲ್ಲೂ ಇವೆ. ಉತ್ತರಕ್ಕೆ, ಚಿಂಚೋಳಿಯ ಕಡೆಗೆ ಸಾಗಿದಂತೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸದಿಂದಾದ ಕಪ್ಪುಶಿಲೆಯು ಇವೆಲ್ಲವನ್ನೂ ಮುಚ್ಚಿದೆ. ಪದರಗಳ ದಪ್ಪವು ಎಲ್ಲೆಡೆಯೂ ಒಂದೇ ಸಮನಾಗಿಲ್ಲ. ಕೆಲವೆಡೆ ಅವು ಮುರಿದು ಸರಿದಿರುವುದೂ ಉಂಟು. ಮೇಲೆ ನಿಂತು ನೋಡುವವನಿಗೆ ಇದಾವುದೂ ಕಾಣದು.

ನೀರಿಗಾಗಿ ತೋಡುವ ಕೊಳವೆಬಾವಿಯನ್ನು ಎಲ್ಲರೂ ಬಲ್ಲರು. ಅಲ್ಲಿ ಯಂತ್ರವು ಕಲ್ಲನ್ನು ಜಜ್ಜಿ ಪುಡಿಮಾಡಿ ಹೊರಗೆಸೆಯುತ್ತದೆ. ಅನ್ವೇಷಣೆಯ ಕೊರೆತದ ಗುರಿಯೇ ಬೇರೆ. ಇಲ್ಲಿ ರಂಧ್ರಕ್ಕಿಂತ ರಂಧ್ರದೊಳಗಿನ ಕಲ್ಲು ಮುಖ್ಯ. ಟೊಳ್ಳಾದ ಉಕ್ಕಿನ ಕೊಳವೆಯ ತುದಿಗೆ ವಜ್ರದ ಹರಳುಗಳನ್ನು ಕೂಡಿಸಿದ ಉಂಗುರದಂತಹ ಬಾಯಿಯನ್ನು ಜೋಡಿಸುತ್ತಾರೆ. ಅದು ತಿರುಗುತ್ತ ಕಲ್ಲನ್ನು ವೃತ್ತಾಕಾರವಾಗಿ ಕೊರೆದಂತೆ ನಡುವಣ ಭಾಗವು ಕಂಬಿಯಾಗಿ ಕೊಳವೆಯೊಳಗೆ ಏರುತ್ತದೆ. ಕೊಳವೆಯ ಮೂಲಕ ಇಳಿಬಿಟ್ಟ ನೀರು ವಜ್ರದ ಬಾಯಿಯನ್ನು ತಂಪಾಗಿಸಿ, ಕಲ್ಲಿನ ಪುಡಿಯನ್ನು ಮೇಲಕ್ಕೆ ಹೊತ್ತು ತರುತ್ತದೆ. ಹೀಗೆ ದೊರೆತ ಶಿಲಾದಂಡವನ್ನು ಕೆಲಸಗಾರರು 'ಕೋರ್' ಎನ್ನುತ್ತಾರೆ.

ಶಿಲಾದಂಡದ ತುಂಡುಗಳನ್ನು ಕ್ರಮತಪ್ಪದಂತೆ ಉದ್ದನೆಯ ಪೆಟ್ಟಿಗೆಗಳಲ್ಲಿ ಜೋಡಿಸಿ, ಪ್ರತಿಯೊಂದರ ಆಳವನ್ನು ಗುರುತಿಸಲಾಗುತ್ತದೆ. ಭೂವಿಜ್ಞಾನಿಯು ಬಣ್ಣ, ಕಣ, ಬಿರುಕುಗಳನ್ನು ಪರೀಕ್ಷಿಸಿ ಬರೆದಿಡುತ್ತಾನೆ. ದುರ್ಬಲ ಆಮ್ಲದ ಒಂದು ಹನಿ ಬಿದ್ದೊಡನೆ ನೊರೆಯೆದ್ದರೆ ಅದು ಸುಣ್ಣಕಲ್ಲೆಂಬುದಕ್ಕೆ ಗುರುತು. ಅದು ಸಿಮೆಂಟಿಗೆ ಯೋಗ್ಯವೇ ಎಂಬುದನ್ನು ಪ್ರಯೋಗಶಾಲೆಯು ಸುಣ್ಣ, ಸಿಲಿಕಾ, ಮೆಗ್ನೀಷಿಯಾಗಳ ಪ್ರಮಾಣವನ್ನು ಅಳೆದು ತಿಳಿಸುತ್ತದೆ. ಮೂರು ಮೀಟರ್ ಕೊರೆದಾಗ ಎರಡೇ ಮೀಟರ್ ಶಿಲಾದಂಡ ದೊರೆತರೆ ಉಳಿದ ಒಂದು ಮೀಟರ್ ನಷ್ಟವಾಯಿತೆಂದು ಸ್ಪಷ್ಟವಾಗಿ ದಾಖಲಿಸಬೇಕು. ಆ ನಷ್ಟವೂ ಒಂದು ಸುದ್ದಿಯೇ: ಅಲ್ಲಿ ಕಲ್ಲು ಛಿದ್ರವಾಗಿರಬಹುದು, ಇಲ್ಲವೆ ಗುಹೆಯಿರಬಹುದು. ಅದನ್ನು ಮರೆಮಾಚಿದರೆ ಇಡೀ ಲೆಕ್ಕವೇ ಸುಳ್ಳಾಗುತ್ತದೆ.

ಇಷ್ಟೆಲ್ಲ ಪದರಗಳಿರುವ ಈ ನೆಲದಲ್ಲಿ ಕಲ್ಲಿದ್ದಲು ಏಕಿಲ್ಲ? ಉತ್ತರವು ಕಾಲಮಾನದಲ್ಲಿದೆ. ಇಲ್ಲಿಯ ಸುಣ್ಣಕಲ್ಲು 50 ಕೋಟಿ ವರ್ಷಗಳಿಗೂ ಹಿಂದಿನದು. ಆಗ ನೆಲದ ಮೇಲೆ ಕಾಡುಗಳೇ ಇರಲಿಲ್ಲ. ಕಾಡಿಲ್ಲದೆ ಕಲ್ಲಿದ್ದಲಿಲ್ಲ. ಭಾರತದ ಕಲ್ಲಿದ್ದಲಿನ ಬಹುಭಾಗವು ಸುಮಾರು 30ರಿಂದ 25 ಕೋಟಿ ವರ್ಷಗಳ ಹಿಂದಿನ ಸಸ್ಯರಾಶಿಯಿಂದಾದುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ 1871ರಲ್ಲಿ ಗೋದಾವರಿ ಕಣಿವೆಯ ಯೆಲ್ಲಂದು ಬಳಿ ಅಂತಹ ಕಲ್ಲಿದ್ದಲನ್ನು ಗುರುತಿಸಿದನು. ಇಂದು ತೆಲಂಗಾಣದಲ್ಲಿರುವ ಸಿಂಗರೇಣಿ ಗಣಿಗಳಿಗೆ ಅದೇ ಮೂಲ. 1872ರಲ್ಲಿ ಕಲಬುರಗಿ ಸೀಮೆಯ ಈ ಶಿಲೆಗಳಿಗೆ ಭೀಮಾ ನದಿಯ ಹೆಸರನ್ನಿತ್ತವನೂ ಅವನೇ.

ಸುಣ್ಣಕಲ್ಲಿನ ತೆರೆದ ಗಣಿಯಲ್ಲಿ ಕೊರೆತದ ಲೆಕ್ಕ ತಪ್ಪಿದರೆ ಹಣವೂ ಹೊಲವೂ ಹಾಳಾಗುತ್ತವೆ. ನೆಲದೊಳಗಿನ ಕಲ್ಲಿದ್ದಲ ಗಣಿಯಲ್ಲಾದರೋ ಪ್ರಾಣಗಳೇ ಹೋಗಬಹುದು. ಅಲ್ಲಿ ಕೊರೆತವು ಇದ್ದಲಿನ ದಪ್ಪವನ್ನಷ್ಟೇ ಅಲ್ಲ, ತಲೆಯ ಮೇಲಿನ ಚಾವಣಿಯ ಬಲವನ್ನೂ ಮುಂದಿರುವ ಬಿರುಕುಗಳನ್ನೂ ತಿಳಿಸಬೇಕು. ನೀರು ತುಂಬಿದ ಹಳೆಯ ಸುರಂಗಗಳಿರುವೆಡೆಯಲ್ಲಿ ಮುಂದುವರಿಯುವ ಮೊದಲು ರಂಧ್ರ ಕೊರೆದು ಪರೀಕ್ಷಿಸುವುದೂ ಅಗತ್ಯ. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್‌ನಾಲಾ ಗಣಿಗೆ ಹಳೆಯ ಗಣಿಯ ನೀರು ನುಗ್ಗಿ 375 ಮಂದಿ ಮಡಿದರು. ಕಲ್ಲಿನ ಆಚೆ ಏನಿದೆಯೆಂಬ ಪ್ರಶ್ನೆಯ ಗುರುತ್ವವನ್ನು ಆ ದುರಂತವು ತೋರಿಸಿಕೊಟ್ಟಿತು. ಕೊರೆದ ರಂಧ್ರಗಳನ್ನು ಕೆಲಸ ಮುಗಿದ ಮೇಲೆ ಸಿಮೆಂಟಿನಿಂದ ಮುಚ್ಚಬೇಕಾದುದೂ ಇದೇ ಕಾರಣಕ್ಕಾಗಿ. ಮುಚ್ಚದ ರಂಧ್ರವು ಮೇಲಿನ ನೀರಿಗೆ ಗಣಿಯ ದಾರಿಯನ್ನು ತೋರುತ್ತದೆ. ಆ ಮುಚ್ಚುವ ಸಿಮೆಂಟಿಗೂ ಸುಣ್ಣಕಲ್ಲೇ ಮೂಲವೆಂಬುದು ಸ್ವಾರಸ್ಯಕರ.

ಕೊರೆದ ಕಡೆಯೆಲ್ಲ ಬೇಕಾದುದು ದೊರೆಯುವುದಿಲ್ಲ. ಹಾಗೆಂದು ಆ ಶ್ರಮವು ವ್ಯರ್ಥವೂ ಅಲ್ಲ. ಇಲ್ಲಿ ಅಗೆಯತಕ್ಕುದಿಲ್ಲವೆಂದು ಒಂದು ಶಿಲಾದಂಡವು ತಿಳಿಸಿದರೆ, ಅಲ್ಲಿ ಒಂದು ಹೊಲ ಉಳಿಯುತ್ತದೆ. ಭೂಮಿಯು ನುಡಿಯುವ ಸಾಕ್ಷಿ ಎಂದಿಗೂ ಸುಳ್ಳಲ್ಲ. ಅದನ್ನು ಕೇಳಿ ಬರೆಯುವ ಕೈ ಮಾತ್ರ ಪ್ರಾಮಾಣಿಕವಾಗಿರಬೇಕು.