ಆಸ್ಪತ್ರೆಯ ಆಡಳಿತವೂ ಚಿಕಿತ್ಸೆಯ ಅಂಗವೇ

ಯಾಣದ ಭೈರವೇಶ್ವರನ ದರ್ಶನ ಮುಗಿಸಿ ಕಾಡುದಾರಿಯಲ್ಲಿ ಇಳಿದು ಬರುತ್ತಿದ್ದಾಗ ಆ ಸೀಮೆಯ ಪರಿಚಿತ ಭಕ್ತರೊಬ್ಬರು ಮಗಳೊಡನೆ ಎದುರಾದರು. ಆಕೆ ಆಯುರ್ವೇದ ಪದವಿ ಪೂರೈಸಿದ್ದಾಳೆ. ಈಗ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿಗೆ, ಅಂದರೆ ಎಂ.ಎಚ್.ಎ.ಗೆ, ಪ್ರವೇಶ ದೊರೆತಿದೆ. ತರಗತಿಗಳು ಆರಂಭವಾಗಲು ಆರು ವಾರಗಳಿವೆ. ತಂದೆಯ ಮುಖದಲ್ಲಿ ಹರ್ಷಕ್ಕಿಂತ ಸಂಶಯವೇ ಹೆಚ್ಚಾಗಿತ್ತು. "ನಾಡಿ ಹಿಡಿಯಬೇಕಾದ ಕೈ ಲೆಕ್ಕದ ಪುಸ್ತಕ ಹಿಡಿಯುವುದು ಸರಿಯೇ, ಡಾಕ್ಟರೇ?" ಎಂದರು. ಮಗಳ ಪ್ರಶ್ನೆ ಬೇರೆ: "ಈ ಆರು ವಾರ ನಾನೇನು ಮಾಡಲಿ?"

ಎರಡಕ್ಕೂ ಉತ್ತರ ಚರಕಸಂಹಿತೆಯಲ್ಲಿದೆ. ಸೂತ್ರಸ್ಥಾನದ 15ನೆಯ ಅಧ್ಯಾಯದ ಹೆಸರೇ 'ಉಪಕಲ್ಪನೀಯ'. ಅಂದರೆ ಮುಂಚಿತವಾಗಿ ಸಿದ್ಧಪಡಿಸಿಕೊಳ್ಳುವ ವಿಚಾರ. ಚಿಕಿತ್ಸೆಗೆ ತೊಡಗುವ ಮೊದಲು ಗಟ್ಟಿಮುಟ್ಟಾದ ಗೃಹವಿರಬೇಕು. ಗಾಳಿ ನೇರವಾಗಿ ಬಡಿಯದೆ ಒಂದು ಭಾಗದಲ್ಲಿ ಮಾತ್ರ ಆಡಬೇಕು. ಹೊಗೆ, ಬಿಸಿಲು, ನೀರು, ಧೂಳು ಸೋಕಬಾರದು. ಕುಡಿಯುವ ನೀರು, ಶೌಚಾಲಯ, ಸ್ನಾನದ ಸ್ಥಳ, ಅಡುಗೆಮನೆ ಇರಬೇಕು. ಶುಚಿಯೂ ಸ್ನೇಹವೂ ಉಳ್ಳ, ರೋಗಿಯನ್ನು ಎತ್ತಿ ಮಲಗಿಸಬಲ್ಲ ಪರಿಚಾರಕರಿರಬೇಕು ಎಂದು ಅಲ್ಲಿ ವಿಧಿಸಲಾಗಿದೆ. ಆತ್ರೇಯರು ಇದಕ್ಕೆ ಕಾರಣವನ್ನೂ ಹೇಳುತ್ತಾರೆ: ಆಪತ್ತು ಎದುರಾದ ಗಳಿಗೆಯಲ್ಲಿ, ಅಂಗಡಿಯಲ್ಲಿ ಔಷಧ ಮಾರಾಟಕ್ಕಿದ್ದರೂ, ಅದನ್ನು ಆ ಕ್ಷಣಕ್ಕೆ ಒದಗಿಸುವುದು ಸುಲಭವಲ್ಲ. ಇಂದು ನಾವು ಆಸ್ಪತ್ರೆ ಆಡಳಿತ ಎನ್ನುವುದರ ತಿರುಳು ಇದೇ.

ನಾನೂ ಬಹುಕಾಲ ಆ ತಂದೆಯಂತೆಯೇ ಯೋಚಿಸುತ್ತಿದ್ದೆ. ಸುಮಾರು 30 ವರ್ಷಗಳ ಹಿಂದೆ ಅಡಿಕೆ ತೋಟದಲ್ಲಿ ಹಾವು ಕಚ್ಚಿದ ಕೃಷಿಕರೊಬ್ಬರನ್ನು ನಾನೇ ಒಂದು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ವೈದ್ಯರಿದ್ದರು, ದಾದಿಯಿದ್ದರು, ವಿಷನಿರೋಧಕ ಚುಚ್ಚುಮದ್ದೂ ಇತ್ತು. ಆದರೆ ಅದು ಬೀಗ ಹಾಕಿದ ಕಪಾಟಿನಲ್ಲಿತ್ತು. ಕೀಲಿಕೈ ಮನೆಗೆ ಹೋಗಿದ್ದ ಉಗ್ರಾಣಿಯ ಕಿಸೆಯಲ್ಲಿತ್ತು. ಕೀಲಿ ಬರಲು 40 ನಿಮಿಷಗಳು ಹಿಡಿದವು. ಜೀವ ಉಳಿಯಿತು, ಕಚ್ಚಿಸಿಕೊಂಡ ಬೆರಳು ಉಳಿಯಲಿಲ್ಲ. ಅಂದು ಸೋತದ್ದು ವೈದ್ಯಶಾಸ್ತ್ರವಲ್ಲ, ವ್ಯವಸ್ಥೆ.

ಏನನ್ನು ಕಲಿಸುತ್ತಾರೆ?

ಎಂ.ಎಚ್.ಎ. ಸಾಮಾನ್ಯವಾಗಿ ಎರಡು ವರ್ಷಗಳ ವ್ಯಾಸಂಗ. ನಮ್ಮ ರಾಜ್ಯದಲ್ಲಿ 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳಲ್ಲಿ, ಹಾಗೆಯೇ ಮಣಿಪಾಲದಲ್ಲಿ ಇದನ್ನು ಬೋಧಿಸುತ್ತಾರೆ. ಲೆಕ್ಕಶಾಸ್ತ್ರ, ಸಂಖ್ಯಾಶಾಸ್ತ್ರ, ಸಿಬ್ಬಂದಿ ನಿರ್ವಹಣೆ, ಕಾನೂನು, ಉಗ್ರಾಣ ನಿರ್ವಹಣೆ ಮೊದಲಾದವು ಅದರ ವಿಷಯಗಳು. ಉದಾಹರಣೆಗೆ, ಉಗ್ರಾಣದ ಔಷಧಗಳನ್ನು ಜೀವರಕ್ಷಕ, ಅವಶ್ಯಕ, ಅಪೇಕ್ಷಿತ ಎಂದು ಮೂರು ಬಗೆಯಾಗಿ ವಿಂಗಡಿಸುವ ಕ್ರಮವಿದೆ. ಮೊದಲ ವರ್ಗದ್ದು ಯಾವ ಹೊತ್ತಿನಲ್ಲೂ ಇಲ್ಲವೆನ್ನುವಂತಿಲ್ಲ. ವಿಷನಿರೋಧಕವು ಈ ವರ್ಗಕ್ಕೆ ಸೇರುತ್ತದೆ. ಅದರ ಕೀಲಿ ರಾತ್ರಿ ಪಾಳಿಯವರ ಬಳಿ ಇರಬೇಕೆಂಬುದೂ ಅದರಿಂದಲೇ ಸಿದ್ಧವಾಗುತ್ತದೆ.

ಆರು ವಾರಗಳ ಸಿದ್ಧತೆ

ಮೊದಲು ಕಾಗದಪತ್ರಗಳು. ಅಂಕಪಟ್ಟಿಗಳು, ಇಂಟರ್ನ್‌ಶಿಪ್ ಪ್ರಮಾಣಪತ್ರ, ವೈದ್ಯ ನೋಂದಣಿ, ವರ್ಗಾವಣೆ ಹಾಗೂ ವಲಸೆ ಪ್ರಮಾಣಪತ್ರಗಳ ಮೂಲ ಪ್ರತಿಗಳನ್ನು ಒಂದೆಡೆ ಇರಿಸಿಕೊಳ್ಳಬೇಕು. ಬೋಧನಾ ಶುಲ್ಕವೊಂದನ್ನೇ ನೋಡದೆ ವಸತಿ, ಊಟ, ಪರೀಕ್ಷಾ ಶುಲ್ಕ ಸೇರಿ ಎರಡು ವರ್ಷಗಳ ಒಟ್ಟು ವೆಚ್ಚವನ್ನು ಕೇಳಿ ತಿಳಿದ ಮೇಲೆಯೇ ಸಾಲದ ಮಾತು. ಆಸ್ಪತ್ರೆಯಲ್ಲಿ ಓಡಾಡಬೇಕಾದ ಕಾರಣ ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂದು ಪರಿಶೀಲಿಸುವುದು ಉಚಿತ.

ಎರಡನೆಯದು, ಕಣ್ಣಿನ ಓದು. ಅನುಮತಿ ಪಡೆದು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲವು ದಿನ ಸುಮ್ಮನೆ ಕುಳಿತು ನೋಡಬೇಕು. ಚೀಟಿ ಮಾಡಿಸಿದ ರೋಗಿ ವೈದ್ಯರನ್ನು ಕಾಣಲು ಎಷ್ಟು ಹೊತ್ತು ಕಾಯುತ್ತಾನೆ? ಹಳೆಯ ದಾಖಲೆ ಕೇಳಿದರೆ ಸಿಗುತ್ತದೆಯೇ? ತ್ಯಾಜ್ಯವನ್ನು 2016ರ ನಿಯಮದಂತೆ ಹಳದಿ, ಕೆಂಪು, ಬಿಳಿ, ನೀಲಿ ಎಂದು ಬೇರ್ಪಡಿಸುತ್ತಾರೆಯೇ, ಸೂಜಿಗಳು ಬಿಳಿಯ ಡಬ್ಬಕ್ಕೇ ಬೀಳುತ್ತವೆಯೇ? ಇವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಮುಂದೆ ಪ್ರತಿ ಪಾಠಕ್ಕೂ ಒಂದು ಮುಖ ಕಾಣುತ್ತದೆ. ಕಸ ಗುಡಿಸುವವರೊಡನೆಯೂ ಮಾತನಾಡಬೇಕು. ಆಸ್ಪತ್ರೆಯ ಲೋಪಗಳು ಮೊದಲು ಕಾಣುವುದು ಅವರಿಗೆ.

ಮೂರನೆಯದು ಲೆಕ್ಕ. ವೈದ್ಯ ಪದವೀಧರರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಜಮಾ-ಖರ್ಚು, ಸರಾಸರಿ, ಶೇಕಡಾವಾರು, ಗಣಕಯಂತ್ರದಲ್ಲಿ ಎಕ್ಸೆಲ್ ಬಳಕೆ, ಇವುಗಳಿಗೆ ದಿನಕ್ಕೆ ಒಂದು ಗಂಟೆ ಸಾಕು. ಜೊತೆಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮವನ್ನು ಒಮ್ಮೆ ಓದಿಕೊಂಡರೆ ಒಳಿತು.

ದೇಹದ ಸಿದ್ಧತೆ

ಊರು, ನೀರು, ಊಟ, ನಿದ್ರೆ ಎಲ್ಲವೂ ಒಮ್ಮೆಲೇ ಬದಲಾದರೆ ಅಗ್ನಿ ಕೆಡುತ್ತದೆ, ಮನಸ್ಸು ಕಳವಳಗೊಳ್ಳುತ್ತದೆ. ಅಭ್ಯಾಸವನ್ನು ಕಾಲುಕಾಲು ಭಾಗವಾಗಿ ಬದಲಿಸಬೇಕೆಂಬುದು ಚರಕರ ಪಾದಾಂಶಿಕ ಕ್ರಮ. ತಡವಾಗಿ ಏಳುವ ರೂಢಿಯಿದ್ದರೆ ವಾರಕ್ಕೆ ಕಾಲು ಗಂಟೆಯಂತೆ ಮುಂಚೆ ಏಳಿರಿ. ರಾತ್ರಿಯೂಟವನ್ನು ಹಾಗೆಯೇ ಹಿಂದಕ್ಕೆ ತನ್ನಿರಿ. ರಾತ್ರಿ ಜಾಗರಣೆಯಿಂದ ವಾತವೂ ರೂಕ್ಷತೆಯೂ ಹೆಚ್ಚುತ್ತವೆ; ಪರೀಕ್ಷೆಯ ಕಾಲದಲ್ಲೂ ಅದು ಬೇಡ. ವಾರಕ್ಕೊಮ್ಮೆಯಾದರೂ ಎಳ್ಳೆಣ್ಣೆಯ ಅಭ್ಯಂಗ ಮಾಡಿಕೊಳ್ಳಿರಿ.

ಉತ್ತರ ಕನ್ನಡದಲ್ಲಿ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಬೀದಿಗಿಳಿಯಿತು. ತಲೆಗೆ ಪೆಟ್ಟಾದರೆ, ಹೃದಯ ನೊಂದರೆ ಇಂದಿಗೂ ನಮ್ಮ ಜನ ಮಣಿಪಾಲ, ಮಂಗಳೂರು, ಹುಬ್ಬಳ್ಳಿಯ ದಾರಿ ಹಿಡಿಯುತ್ತಾರೆ. ಕಟ್ಟಡ ಎಂದಾದರೂ ಎದ್ದೀತು. ಅದು ನಡುರಾತ್ರಿಯಲ್ಲೂ ಕೆಲಸ ಮಾಡುವಂತೆ ನೋಡಿಕೊಳ್ಳುವವರು ಬೇಕು. ಹಾಲಕ್ಕಿ ಅಜ್ಜಿಯ ಮಾತೂ ಕೊಂಕಣಿ ಮೀನುಗಾರನ ಮಾತೂ ತಿಳಿದ, ಈ ನೆಲದ ಮಕ್ಕಳೇ ಅದಕ್ಕೆ ಒದಗಿದರೆ ಮತ್ತೂ ಒಳ್ಳೆಯದು.

ಆ ತಂದೆಗೆ ನಾನು ಹೇಳಿದ್ದು ಇಷ್ಟೇ: "ನಿಮ್ಮ ಮಗಳು ನಾಡಿಯನ್ನು ಬಿಡುತ್ತಿಲ್ಲ. ಇನ್ನು ಮುಂದೆ ಇಡೀ ಆಸ್ಪತ್ರೆಯ ನಾಡಿಯನ್ನು ಹಿಡಿಯಲಿದ್ದಾಳೆ. ಇದೂ ಕಾಯಕವೇ. ಹರಸಿ ಕಳುಹಿಸಿರಿ."