ಒಗ್ಗರಣೆ-ಮಿರ್ಚಿ ಊರಿನಲ್ಲಿ ಓಟ್ಸ್ ತಿಂಡಿ

ಬೆಳಿಗ್ಗೆ ಏಳೂವರೆಗೆ ಹೊಸಪೇಟೆಯ ಬೀದಿಗೆ ಬನ್ನಿ. ಬಾಣಲೆಯಲ್ಲಿ ಮಿರ್ಚಿ ಕುಣಿಯುತ್ತಿರುತ್ತದೆ, ಪಕ್ಕದಲ್ಲೇ ಮಂಡಕ್ಕಿ ಒಗ್ಗರಣೆಯ ರಾಶಿ. ಕಂಪ್ಲಿಯಲ್ಲೂ ಅಷ್ಟೇ, ಸಂಡೂರಿನಲ್ಲೂ ಅಷ್ಟೇ. ಇಂಥ ಊರಿನಲ್ಲಿ ಡಾಕ್ಟರು ನಿಮ್ಮ ಯಜಮಾನರ ರಿಪೋರ್ಟ್ ನೋಡಿ, ‘ಕೊಲೆಸ್ಟ್ರಾಲ್ ಜಾಸ್ತಿ ಇದೆಯಮ್ಮ, ಬೆಳಿಗ್ಗೆ ಓಟ್ಸ್ ಕೊಡಿ’ ಅಂದರೆ ಏನು ಮಾಡುತ್ತೀರಿ?

ಅದೇ ದಿನ ಪ್ಯಾಕೆಟ್ ತಂದು, ಹಾಲು-ಸಕ್ಕರೆ ಹಾಕಿ ಕುದಿಸಿ ಬಡಿಸುತ್ತೀರಿ. ಮೂರನೇ ದಿನಕ್ಕೆ, ‘ಏನೇ ಇದು, ಪೋಸ್ಟರ್ ಅಂಟಿಸೋ ಗಂಜಿ ಇದ್ದಂಗೈತಿ’ ಅಂತ ಬಟ್ಟಲು ಸರಿಸಿ ವಾಕಿಂಗ್ ಹೊರಟುಬಿಡುತ್ತಾರೆ. ನಮ್ಮ ಮನೆಯಲ್ಲಿ ಆದದ್ದೂ ಇದೇ. ಒಗೆಯೋಕೆ ಹಾಕಿದ ಅಂಗಿಯ ಜೇಬಿನಲ್ಲಿ ಎಣ್ಣೆ ಹತ್ತಿದ ಪೇಪರ್ ಸಿಕ್ಕಾಗಲೇ ನನಗೆ ಗೊತ್ತಾಗಿದ್ದು, ವಾಕಿಂಗ್ ಮಿರ್ಚಿ ಗಾಡಿಯವರೆಗೆ ಮಾತ್ರ ಅಂತ!

ತಪ್ಪು ಅವರದ್ದಷ್ಟೇ ಅಲ್ಲ. ಖಾರ, ಹುಳಿ, ಒಗ್ಗರಣೆ ಕೇಳುವ ನಾಲಿಗೆಗೆ ಸಿಹಿ ಗಂಜಿ ಕೊಟ್ಟ ನಮ್ಮದೂ ಹೌದು.

ಅಂಥದ್ದೇನಿದೆ ಇದರಲ್ಲಿ?

ಓಟ್ಸ್‌ನಲ್ಲಿ ಬೀಟಾ ಗ್ಲೂಕಾನ್ ಎಂಬ ನಾರಿನಂಶವಿದೆ. ಬೇಯಿಸಿದಾಗ ಬರುವ ಆ ಲೋಳೆಯೇ ಅದು. ಇದು ಕೆಟ್ಟ ಕೊಲೆಸ್ಟ್ರಾಲ್ ಇಳಿಸಲು ನೆರವಾಗುತ್ತದೆ, ಹೊಟ್ಟೆಯೂ ಬೇಗ ಹಸಿಯುವುದಿಲ್ಲ. ಆದರೆ ಇದಕ್ಕೆ ದಿನಕ್ಕೆ ಸುಮಾರು 3 ಗ್ರಾಂ ಬೀಟಾ ಗ್ಲೂಕಾನ್ ಬೇಕು. 40 ಗ್ರಾಂ ಓಟ್ಸ್‌ನಲ್ಲಿ ಸಿಗುವುದು ಒಂದೂವರೆ ಗ್ರಾಂನಷ್ಟು. ಹಾಗಾಗಿ ವಾರಕ್ಕೊಮ್ಮೆ ತಿಂದು ಪವಾಡ ಕಾಯಬೇಡಿ. ಡಾಕ್ಟರು ಬರೆದ ಮಾತ್ರೆಯನ್ನಂತೂ ನೀವಾಗಿ ನಿಲ್ಲಿಸಲೇಬೇಡಿ.

ಒಗ್ಗರಣೆ ಓಟ್ಸ್ ಮಾಡಿ ನೋಡಿ

ನಾಲ್ಕು ಜನಕ್ಕೆ ಎರಡು ಕಪ್ ಓಟ್ಸ್ ಸಾಕು. ಎಣ್ಣೆ ಇಲ್ಲದೆ ಐದು ನಿಮಿಷ ಘಮ್ಮೆನ್ನುವಂತೆ ಹುರಿಯಿರಿ. ಹೀಗೆ ಹುರಿದರೆ ಅಂಟಾಗುವುದಿಲ್ಲ. ಎರಡು ಚಮಚ ಎಣ್ಣೆಗೆ ಸಾಸಿವೆ, ಕಡಲೆಬೇಳೆ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ, ಟೊಮ್ಯಾಟೊ, ಚಿಟಿಕೆ ಅರಿಸಿನ ಹಾಕಿ. ಕ್ಯಾರೆಟ್, ಬೀನ್ಸ್ ಇದ್ದರೆ ಇನ್ನೂ ಒಳ್ಳೆಯದು. ಉಪ್ಪು ಹಾಕಿ, ಒಂದೂವರೆ ಕಪ್ ನೀರು ಕುದಿ ಬಂದಾಗ ಓಟ್ಸ್ ಸುರಿದು ಸಣ್ಣ ಉರಿಯಲ್ಲಿ ಮುಚ್ಚಿಡಿ. ಇಳಿಸಿದ ಮೇಲೆ ನಿಂಬೆರಸ, ಕೊತ್ತಂಬರಿ, ಎರಡು ಚಮಚ ಪುಟಾಣಿ ಪುಡಿ. ಈ ಪುಟಾಣಿ ಪುಡಿಯೇ ಗುಟ್ಟು. ಬಾಯಿಗಿಟ್ಟರೆ ಮಂಡಕ್ಕಿ ಒಗ್ಗರಣೆಯ ನೆನಪಾಗಬೇಕು!

ಸಂಡೂರಿನ ಗಣಿ ಕೆಲಸಕ್ಕೆ ನಸುಕಿನಲ್ಲೇ ಹೊರಡುವವರು ಮನೆಯಲ್ಲಿದ್ದಾರಾ? ರಾತ್ರಿಯೇ ಓಟ್ಸನ್ನು ಮಜ್ಜಿಗೆಯಲ್ಲಿ ನೆನೆಸಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಸೌತೆಕಾಯಿ ತುರಿದು ಹಾಕಿ ಒಗ್ಗರಣೆ ಕೊಟ್ಟರೆ ಐದು ನಿಮಿಷದಲ್ಲಿ ತಿಂಡಿ ರೆಡಿ. ಮಕ್ಕಳು ಸಿಹಿಯೇ ಬೇಕು ಅಂದರೆ ಸಕ್ಕರೆ ಬದಲು ಹಂಪಿ-ಕಮಲಾಪುರದ ಬಾಳೆಹಣ್ಣು ಕಿವುಚಿ ಹಾಕಿ.

ಇವನ್ನು ಮರೆಯಬೇಡಿ

* ಸಾದಾ ಓಟ್ಸನ್ನೇ ಕೊಳ್ಳಿ. ಮಸಾಲೆ ಪ್ಯಾಕೆಟ್ ಆದರೆ ಹಿಂಬದಿಯಲ್ಲಿ ಉಪ್ಪು, ಸಕ್ಕರೆ ಎಷ್ಟಿದೆ ಓದಿ.
* ಸಕ್ಕರೆ ಕಾಯಿಲೆ ಇದ್ದವರಿಗೆ ಪುಡಿಯಂತಿರುವ ಇನ್‌ಸ್ಟಂಟ್‌ಗಿಂತ ದಪ್ಪ ಅವಲಕ್ಕಿಯಂಥ ಓಟ್ಸ್ ಮೇಲು.
* ಸ್ವಲ್ಪದಿಂದ ಶುರು ಮಾಡಿ, ನೀರು ಚೆನ್ನಾಗಿ ಕುಡಿಯಿರಿ. ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ.

ಅಜ್ಜಿಯ ಡಬ್ಬದಲ್ಲೂ ಇದೆ

ದುಬಾರಿ ಪ್ಯಾಕೆಟ್ ಕೈಗೆಟುಕದಿದ್ದರೆ ಬೇಸರ ಬೇಡ. ಬಳ್ಳಾರಿ ಸೀಮೆಯ ಒಣಭೂಮಿಯ ಅನ್ನವೇ ಜೋಳ ಮತ್ತು ನವಣೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಹರಿದ ಮೇಲೆ ಭತ್ತ, ಕಬ್ಬು ಹೆಚ್ಚಿದವು, ತಟ್ಟೆಯಲ್ಲಿ ಬಿಳಿ ಅನ್ನವೂ ಹೆಚ್ಚಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂದಾಗ ನವಣೆ ಮತ್ತೆ ನೆನಪಾಯಿತು. ಬೀಟಾ ಗ್ಲೂಕಾನ್ ವಿಷಯದಲ್ಲಿ ಓಟ್ಸ್ ಮುಂದೆ, ನಿಜ. ಆದರೆ ನಾರು, ಪ್ರೋಟೀನ್ ಇವುಗಳಲ್ಲೂ ಇದೆ. ಮೂರು ದಿನ ಓಟ್ಸ್, ಎರಡು ದಿನ ನವಣೆ ಉಪ್ಪಿಟ್ಟು, ಬೇಸಿಗೆಯಲ್ಲಿ ಜೋಳದ ಅಂಬಲಿ-ಮಜ್ಜಿಗೆ ಹೀಗೆ ಬದಲಾಯಿಸುತ್ತಿರಿ.

ಕೊನೆಗೊಂದು ಮಾತು. ಎಲ್ಲರಿಗೂ ಬಡಿಸಿ, ಹನ್ನೊಂದಕ್ಕೆ ತಳ ಕೆರೆದು ತಿನ್ನುವವರು ನೀವೇ ಅಲ್ಲವೇ? ನಿಮ್ಮ ರಕ್ತ ಪರೀಕ್ಷೆ ಮಾಡಿಸಿ ಎಷ್ಟು ವರ್ಷವಾಯಿತು? ನಾಳೆಯಿಂದ ನಿಮ್ಮ ತಟ್ಟೆಯನ್ನೂ ಅವರ ಜೊತೆಗೇ ಹಾಕಿಕೊಳ್ಳಿ. ಮಿರ್ಚಿಯನ್ನು ಭಾನುವಾರಕ್ಕೆ ಇಟ್ಟುಕೊಳ್ಳೋಣ, ಒಂದೇ ಒಂದು. ಬಚ್ಚಿಟ್ಟು ತಿನ್ನುವ ಕಷ್ಟ ಅವರಿಗೂ ತಪ್ಪುತ್ತದೆ, ಜೇಬು ನೋಡುವ ಕೆಲಸ ನಿಮಗೂ!