ಸಮುದ್ರದ ಮೇಲೊಂದು ಪಾದಯಾತ್ರೆ

ಪಾದಯಾತ್ರೆ ನಮ್ಮ ಸೀಮೆಗೆ ಹೊಸದೇನಲ್ಲ. ಶಿಗ್ಗಾವಿ ಕಡೆಯವರು ಶಿಶುನಾಳದ ಶರೀಫಜ್ಜನ ಜಾತ್ರೆಗೆ ನಡೆದು ಹೋಗುತ್ತಾರೆ. ಉಳವಿಗೆ, ಎಲ್ಲಮ್ಮನ ಗುಡ್ಡಕ್ಕೆ ಬುತ್ತಿ ಕಟ್ಟಿಕೊಂಡು ಹೊರಡುವವರೂ ಉಂಟು. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಅವರ ಪರವಾಗಿ ಇನ್ನೊಬ್ಬರು ಹರಕೆ ಹೊತ್ತು ನಡೆಯುವುದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಆದರೆ ನಡುಸಮುದ್ರದಲ್ಲಿ, ತೇಲುವ ಹಡಗಿನ ಮೇಲೆ ಕ್ಯಾನ್ಸರ್ ಸಂಶೋಧನೆಗಾಗಿ ಪಾದಯಾತ್ರೆ ಮಾಡುತ್ತಾರೆಂದು ತಿಳಿದದ್ದು ನನಗೆ ಎಪ್ಪತ್ತು ಸಮೀಪಿಸಿದಾಗ.

ನನ್ನ ಮಗಳು, ಅಳಿಯ ಕೆನಡಾದ ವ್ಯಾಂಕೂವರ್ ನಗರದಲ್ಲಿದ್ದಾರೆ. ಹಾನಗಲ್ಲಿನಿಂದ ಅಲ್ಲಿಗೆ ಹೋಗಿದ್ದ ನನ್ನನ್ನು ಅವರು ಅಲಾಸ್ಕ ಕಡೆಗೆ ಹೋಗುವ ಪ್ರವಾಸಿ ಹಡಗಿಗೆ ಕರೆದೊಯ್ದರು. ಅದು ಹಾಲೆಂಡ್ ಅಮೆರಿಕ ಲೈನ್ ಕಂಪನಿಯ ಹಡಗು. ಆಗ ಈ ಕಂಪನಿಯ ಹಡಗುಗಳಲ್ಲಿ ‘ಆನ್ ಡೆಕ್ ಫಾರ್ ದ ಕಾಸ್’ ಎಂಬ 5 ಕಿಲೋಮೀಟರ್ ನಡಿಗೆ ಇರುತ್ತಿತ್ತು. ಮೊದಲು ಸ್ತನ ಕ್ಯಾನ್ಸರ್ ವಿರುದ್ಧದ ಕೆಲಸಕ್ಕಾಗಿ ಶುರುವಾದ ಈ ನಡಿಗೆ ಆಮೇಲೆ ಎಲ್ಲ ಬಗೆಯ ಕ್ಯಾನ್ಸರಿಗೂ ವಿಸ್ತರಿಸಿತು. ಸೇರುವವರು ಇಷ್ಟೆಂದು ಹಣ ಕೊಟ್ಟು ಹೆಸರು ಬರೆಸಬೇಕಿತ್ತು. ಆ ಹಣ ಕ್ಯಾನ್ಸರ್ ವಿರುದ್ಧ ದುಡಿಯುವ ಸಂಸ್ಥೆಗಳಿಗೆ ಹೋಗುತ್ತಿತ್ತು. ಇದು ಸ್ಪರ್ಧೆಯಾಗಿರಲಿಲ್ಲ, ಮೊದಲು ಮುಗಿಸಿದವರಿಗೆ ಬಹುಮಾನವಿರಲಿಲ್ಲ.

ನಾನು ಹೆಸರು ಬರೆಸಿದೆ. ಹಿರೇಕೆರೂರಿನಲ್ಲಿರುವ ನನ್ನ ಅಕ್ಕನಿಗೆ ಬಾಯಿ ಕ್ಯಾನ್ಸರ್ ಆಗಿತ್ತು. ಎಲೆ ಅಡಿಕೆಯೊಂದಿಗೆ ತಂಬಾಕು ಹಾಕುವ ರೂಢಿ ಆಕೆಗೆ ಮದುವೆಯಾದಾಗಿನಿಂದ ಇತ್ತು. ಗಲ್ಲದ ಒಳಗೆ ಆದ ಹುಣ್ಣನ್ನು ಐದು ತಿಂಗಳು ಯಾರಿಗೂ ಹೇಳಲಿಲ್ಲ. ಕೊನೆಗೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ, ಕರೆಂಟ್ ಕೊಡಿಸಿ, ಬದುಕಿ ಬಂದಳು. ಈಗ ಕಟಕ ರೊಟ್ಟಿ ಕಡಿಯಲಾರಳು; ಹಾಲಿನಲ್ಲಿ ನೆನೆಸಿಯೇ ತಿನ್ನಬೇಕು. ಅವಳ ಪರವಾಗಿ ಒಂದು ಹರಕೆ ಎಂದುಕೊಂಡೇ ನಾನು ಹೊರಟದ್ದು.

ಹಡಗಿನ ಸುತ್ತಲೂ ಮರದ ಹಲಗೆ ಹಾಸಿದ ಓಣಿಯಂಥ ಜಾಗವಿದೆ. ಅದಕ್ಕೆ ಪ್ರಾಮೆನೇಡ್ ಡೆಕ್ ಎನ್ನುತ್ತಾರೆ. ತಲೆಯ ಮೇಲೆ ಜೀವರಕ್ಷಕ ದೋಣಿಗಳು ತೂಗುತ್ತಿರುತ್ತವೆ. ನಮ್ಮ ಹಡಗಿನಲ್ಲಿ ಸುಮಾರು 9 ಸುತ್ತು ಹಾಕಿದರೆ 5 ಕಿಲೋಮೀಟರ್. ಸೀರೆ, ಸ್ವೆಟರು, ಕ್ಯಾನ್ವಾಸ್ ಬೂಟಿನಲ್ಲಿ ನಾನು, ನನ್ನ ಕೈ ಹಿಡಿದು ಐದನೇ ತರಗತಿಯ ಮೊಮ್ಮಗಳು. ಮುಂದೆ ಕೋಲೂರಿ ನಡೆಯುವ ಒಬ್ಬ ಅಜ್ಜ, ಹಿಂದೆ ಗಾಲಿಕುರ್ಚಿಯಲ್ಲಿ ಒಬ್ಬಾಕೆ. ಹಡಗಿನ ಮೂತಿಯ ಕಡೆ ನಡೆದರೆ ಎದುರುಗಾಳಿ ಸೆರಗು ಹಾರಿಸುತ್ತಿತ್ತು. ತಿರುಗಿ ಬರುವಾಗ ಅದೇ ಗಾಳಿ ಬೆನ್ನು ತಳ್ಳುತ್ತಿತ್ತು.

ಮಕ್ಕಳೇ, ಇಲ್ಲೊಂದು ತಮಾಷೆಯ ಲೆಕ್ಕವಿದೆ. ಹಡಗು ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಮುಂದೆ ಹೋಗುತ್ತಿದೆ, ನಾವು ಗಂಟೆಗೆ 4 ಕಿಲೋಮೀಟರಿನಂತೆ ಹಿಂದಕ್ಕೆ ನಡೆಯುತ್ತಿದ್ದೇವೆ ಎನ್ನಿ. ದಡದಲ್ಲಿ ನಿಂತವರ ಕಣ್ಣಿಗೆ ನಾವು ಯಾವ ಕಡೆ ಹೋಗುತ್ತಿದ್ದೇವೆ? ಮುಂದಕ್ಕೇ, ಗಂಟೆಗೆ 26 ಕಿಲೋಮೀಟರಿನಂತೆ!

ನಾಲ್ಕನೇ ಸುತ್ತಿನಲ್ಲಿ ಮೊಮ್ಮಗಳು ಕೇಳಿದಳು: “ಅಜ್ಜಿ, ನಾವು ಇಲ್ಲಿ ನಡೆದರೆ ಹಿರೇಕೆರೂರಜ್ಜಿಗೆ ಏನಾಗುತ್ತೆ?”

ನ್ಯಾಯವಾದ ಪ್ರಶ್ನೆ. ಅದಕ್ಕೆ ನಾನು ಅವಳಿಗೆ ಇಬ್ಬರ ಕಥೆ ಹೇಳಿದೆ.

ಒಬ್ಬ ಟೆರಿ ಫಾಕ್ಸ್. ವ್ಯಾಂಕೂವರಿನ ಬಿಸಿ ಪ್ಲೇಸ್ ಕ್ರೀಡಾಂಗಣದ ಹೊರಗೆ ಓಡುತ್ತಿರುವ ಅವನ ನಾಲ್ಕು ಪ್ರತಿಮೆಗಳಿವೆ. ಮೂಳೆ ಕ್ಯಾನ್ಸರಿನಿಂದ 1977ರಲ್ಲಿ, ಅವನಿಗೆ 18 ವರ್ಷವಾಗಿದ್ದಾಗ, ಬಲಗಾಲನ್ನು ಮೊಣಕಾಲಿನ ಮೇಲೆ ಕತ್ತರಿಸಬೇಕಾಯಿತು. ಎರಡು ವರ್ಷ ಮೊದಲು ಈ ರೋಗ ಬಂದಿದ್ದರೆ ಉಳಿಯುವವರು ನೂರಕ್ಕೆ 15 ಮಂದಿ, ಹೊಸ ಔಷಧಗಳಿಂದ ಈಗ ನೂರಕ್ಕೆ 50 ಎಂದು ವೈದ್ಯರು ಅವನಿಗೆ ಹೇಳಿದ್ದರು. ಯಾರೋ ಎಲ್ಲೋ ಮಾಡಿದ ಸಂಶೋಧನೆ ತನಗೆ ಆಯುಷ್ಯ ಕೊಟ್ಟಿತೆಂಬುದು ಅವನಿಗೆ ನಾಟಿತು. 1980ರ ಏಪ್ರಿಲ್ 12ರಂದು ಕೃತಕ ಕಾಲು ಕಟ್ಟಿಕೊಂಡು ಕೆನಡಾದ ಪೂರ್ವ ತುದಿಯಿಂದ ಪಶ್ಚಿಮಕ್ಕೆ ಓಡತೊಡಗಿದ. ಪ್ರತಿಯೊಬ್ಬ ಕೆನಡಾದವನಿಂದ ಒಂದೊಂದು ಡಾಲರ್ ಸೇರಿಸಬೇಕೆಂಬುದು ಅವನ ಆಸೆ. 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರಿಂದ ಓಟ ಅರ್ಧಕ್ಕೇ ನಿಂತಿತು. 1981ರ ಜೂನ್ 28ರಂದು, 22ನೇ ವಯಸ್ಸಿನಲ್ಲಿ ತೀರಿಕೊಂಡ. ಅಷ್ಟರಲ್ಲಿ ತಲೆಗೊಂದು ಡಾಲರಿನಂತೆ 2 ಕೋಟಿ 40 ಲಕ್ಷಕ್ಕೂ ಹೆಚ್ಚು ಡಾಲರ್ ಸೇರಿತ್ತು. ಅವನ ಹೆಸರಿನ ಓಟ ಈಗ ಅನೇಕ ದೇಶಗಳಲ್ಲಿ ನಡೆಯುತ್ತದೆ. ನಮ್ಮ ಚೆನ್ನೈನ ಐಐಟಿಯಲ್ಲೂ ನಡೆದಿದೆ.

ಇನ್ನೊಬ್ಬರು ನಮ್ಮ ನೆರೆಯ ಆಂಧ್ರದವರು, ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಭೀಮವರಂನಲ್ಲಿ ಹುಟ್ಟಿ, ಬಡತನದಲ್ಲಿ ಓದಿ, ಅಮೆರಿಕಕ್ಕೆ ಹೋಗಿ ಔಷಧ ಸಂಶೋಧಕರಾದರು. ಅವರ ಪ್ರಯೋಗಾಲಯದಲ್ಲಿ ತಯಾರಾದ ಅಮಿನೋಪ್ಟೆರಿನ್ ಔಷಧವನ್ನು ಬೋಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳಲ್ಲಿ ರೋಗ ಸ್ವಲ್ಪ ಕಾಲ ಹಿಮ್ಮೆಟ್ಟಿತು. 1948ರಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ‘ಸ್ವಲ್ಪ ಕಾಲ’ ಎಂಬಲ್ಲಿಂದ ಹೊರಟ ಆ ದಾರಿ ಎಲ್ಲಿಗೆ ಬಂದಿದೆ ನೋಡಿ: ಇಂದು ಸರಿಯಾದ ಚಿಕಿತ್ಸೆ ಸಿಕ್ಕರೆ ರಕ್ತ ಕ್ಯಾನ್ಸರಿನ ಹೆಚ್ಚಿನ ಮಕ್ಕಳು ಗುಣವಾಗಿ ಶಾಲೆಗೆ ಮರಳುತ್ತಾರೆ. ಅಮಿನೋಪ್ಟೆರಿನ್‌ನ ತಮ್ಮನಂತಿರುವ ಮೆಥೋಟ್ರೆಕ್ಸೇಟ್ ಅದೇ ಪ್ರಯೋಗಾಲಯದ ಕೂಸು. ಅದನ್ನು ಟೆರಿಗೆ ಬಂದಿದ್ದಂಥ ಮೂಳೆ ಕ್ಯಾನ್ಸರಿಗೂ ಬಳಸುತ್ತಾರೆ.

“ಅಂದರೆ ನಾವು ಕೊಟ್ಟ ದುಡ್ಡು ಈಗಲೇ ಯಾರಿಗೂ ಸಿಗೋದಿಲ್ಲ?” ಎಂದಳು ಮೊಮ್ಮಗಳು.

“ಔಷಧ ಸಿದ್ಧವಾಗೋದಕ್ಕೆ ಎಷ್ಟೋ ವರ್ಷ ಬೇಕು. ಯಾವ ಮಗುವಿಗೆ ಸಿಗುತ್ತೋ ನಮಗೆ ಕಾಣೋದಿಲ್ಲ. ನಮ್ಮ ಮುತ್ತಜ್ಜ ನೆಟ್ಟ ಮಾವಿನ ಮರದ ಹಣ್ಣು ನೀನು ತಿನ್ನಲಿಲ್ಲವೇ?” ಎಂದೆ. ಅವಳು ಸುಮ್ಮನೆ ಒಂಬತ್ತೂ ಸುತ್ತು ನಡೆದಳು.

ಊರಿಗೆ ಬಂದು ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವಳು ನಕ್ಕಳು. “ನನ್ನ ಹೆಸರಿಲೆ ಸಮುದ್ರದ ಮ್ಯಾಲೆ ನಡದಿಯೇನ ತಂಗಿ? ಛಲೋ ಆತು. ಇನ್ನ ಇಲ್ಲೇ ನಮ್ಮ ಓಣ್ಯಾಗ ನಡಿ. ತಂಬಾಕ ತಿನ್ನವರಿಗೆ ನನ್ನ ಗಲ್ಲ ನಾನ ತೋರಸ್ತೀನಿ” ಎಂದಳು.

ಅಕ್ಕನ ಮಾತಿನಲ್ಲಿ ಸತ್ಯವಿತ್ತು. ಸವಣೂರಿನ ವೀಳ್ಯದೆಲೆಗೆ ದೊಡ್ಡ ಹೆಸರು. ಹಾನಗಲ್ಲಿನಲ್ಲಿ ಅಡಿಕೆ ತೋಟಗಳಿವೆ. ಎಲೆ ಅಡಿಕೆ ತಟ್ಟೆ ಇಡದೆ ನಮ್ಮಲ್ಲಿ ಬೀಗರ ಉಪಚಾರ ಮುಗಿಯುವುದಿಲ್ಲ. ತಂಬಾಕು ಕ್ಯಾನ್ಸರ್ ತರುತ್ತದೆಂದು ಎಲ್ಲರೂ ಬಲ್ಲರು. ಆದರೆ ಬರೀ ಅಡಿಕೆ ಅಗಿಯುವುದೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಇದೂ ಸಂಶೋಧನೆಯ ಫಲವೇ. ಔಷಧ ಕಂಡುಹಿಡಿದಂತೆಯೇ ರೋಗದ ಕಾರಣ ಕಂಡುಹಿಡಿಯುವುದಕ್ಕೂ ವರ್ಷಗಟ್ಟಲೆ ದುಡಿಯಬೇಕು, ಹಣ ಬೇಕು.

ಫೆಬ್ರವರಿ 4 ವಿಶ್ವ ಕ್ಯಾನ್ಸರ್ ದಿನ. ಆ ದಿನ ಬೆಳಿಗ್ಗೆ ಅಕ್ಕ, ನಾನು, ಓಣಿಯ ಹೆಣ್ಣುಮಕ್ಕಳು, ಒಂದಿಷ್ಟು ಶಾಲೆಯ ಹುಡುಗರು ಹಿರೇಕೆರೂರಿನ ದುರ್ಗಾದೇವಿ ಕೆರೆಯ ದಂಡೆಗುಂಟ ನಡೆದೆವು. ತಲೆಗೆ ಹತ್ತು ರೂಪಾಯಿ ಕೂಡಿಸಿದೆವು. ಮೊತ್ತ ದೊಡ್ಡದಲ್ಲ. ಆದರೆ ನಡಿಗೆ ಮುಗಿದ ಮೇಲೆ ಅಕ್ಕ ಕಟ್ಟೆಯ ಮೇಲೆ ಕೂತು, ಬಾಯಿ ತೆರೆದು, ಹೊಲಿಗೆಯ ಗುರುತು ತೋರಿಸಿದಾಗ ಒಬ್ಬ ಅಜ್ಜ ಸದ್ದಿಲ್ಲದೆ ತನ್ನ ಸಂಚಿಯನ್ನು ಕಿಸೆಗೆ ಸೇರಿಸಿದ.

ಮಕ್ಕಳೇ, ಇಂದು ಸಂಜೆ ನೀವೂ ಒಂದು ಕೆಲಸ ಮಾಡಿ. ಅಜ್ಜ ಅಜ್ಜಿಯನ್ನು ಬೆಳಕಿಗೆ ಕೂಡಿಸಿ, “ಆ” ಅನ್ನಿಸಿ. ಅವರದೇ ಕೈಯ ಮೂರು ಬೆರಳು ಒಂದರ ಕೆಳಗೊಂದು ಇಟ್ಟರೆ ಬಾಯೊಳಗೆ ಹೋಗುತ್ತವೆಯೇ? ಗಲ್ಲದ ಒಳಗೆ, ನಾಲಿಗೆಯ ಕೆಳಗೆ ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ? ಎರಡು ವಾರವಾದರೂ ಮಾಯದ ಹುಣ್ಣು ಇದೆಯೇ? ಹಾಗಿದ್ದರೆ ಅದು ಕ್ಯಾನ್ಸರೇ ಆಗಿರಬೇಕೆಂದಿಲ್ಲ, ಆದರೆ ವೈದ್ಯರು ನೋಡಲೇಬೇಕು. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಸರ್ಕಾರಿ ಕಾರ್ಯಕ್ರಮವೇ ಇದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಅಜ್ಜಂದಿರೇ, ಅಜ್ಜಿಯರೇ, ಮೊಮ್ಮಕ್ಕಳು ಬಾಯಿ ತೆರೆ ಎಂದಾಗ ನಾಚಬೇಡಿ. ತೋರಿಸಿ. ಏನಾದರೂ ಕಂಡರೆ ಐದು ತಿಂಗಳು ಮುಚ್ಚಿಡಬೇಡಿ. ಮರುದಿನವೇ ಆಸ್ಪತ್ರೆಗೆ ನಡೆಯಿರಿ.